ದಾರ ಎಳೆಯಿರಿ

ಗಿರಣಿಯಲ್ಲಿ ನಮ್ಮ ಆಫೀಸಿನ ಸರ್ ಅವರ ಬೀಳ್ಕೊಡುಗೆಯ ದಿನ ಮೈಕಿನಲ್ಲಿ ಅವರ ಹೆಸರು ಕರೆದರು. ಅವರು ಏಳಲಿಲ್ಲ. ಮತ್ತೆ ಕರೆದರು. ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ, ಕೊರಳಲ್ಲಿದ್ದ ಮಾಲೆಯ ಸೇವಂತಿಗೆ ಎಸಳು ಬಿಡಿಸುತ್ತ ಕೂತೇ ಇದ್ದರು. ಹಿಂದೆ ಯಾರೋ, “ಹೋಗೋ ದಿನಾನೂ ಈ ಮನಶ್ಯಾನ ಗರ್ವ ಇಳೀಲಿಲ್ಲ ನೋಡು” ಅಂದರು. ನಾನು ಎದ್ದು ಹೋಗಿ ಅವರೆದುರು ನಿಂತು ಕೈಯಿಂದ ವೇದಿಕೆ ತೋರಿಸಿದೆ. ಬೆಚ್ಚಿ ಎದ್ದು, ಎಸಳುಗಳನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರು.

ಕರೆದರೆ ಓ ಅನ್ನದ ಮನುಷ್ಯ ಎಂಬ ಮಾತು ಅವರ ಬೆನ್ನಿಗೆ ಅಂಟಿಕೊಂಡು ಹಾಗೇ ಉಳಿಯಿತು. ಈಗಲೂ ಗಿರಣಿಯ ಹಳಬರು ಸಿಕ್ಕರೆ ಅದನ್ನೇ ಹೇಳಿ ನಗುತ್ತಾರೆ. ನನಗೆ ಮೈ ಉರಿಯುತ್ತದೆ. ಇವತ್ತು ಬರೆಯಲು ಕೂತಿರುವುದೂ ಆ ಸಿಟ್ಟಿನಿಂದಲೇ.

ನಾನು ಬೆಟಗೇರಿಯ ನೇಕಾರರ ಮನೆಯವಳು. ಮಗ್ಗದ ಸಪ್ಪಳದ ಮೇಲೆ ಕೂಗಿ ಕೂಗಿ ಮಾತು ಕಲಿತವಳು. ನನ್ನ ದನಿ ದೊಡ್ಡದು, ಕೈ ಆಡಿಸುವುದು ಅದಕ್ಕಿಂತ ದೊಡ್ಡದು. ಟೈಪಿಂಗ್ ಪಾಸಾದ ಪುಣ್ಯಕ್ಕೆ ಗದಗಿನ ಒಂದು ನೂಲಿನ ಗಿರಣಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಎಂಬತ್ತರ ದಶಕದ ನಡುವಿನಲ್ಲಿ ಆ ಗಿರಣಿಗೆ ಕಂಪ್ಯೂಟರ್ ಬಂತು. ಕಾಯಿ ಒಡೆದು, ಕುಂಕುಮ ಹಚ್ಚಿ, ಎಲ್ಲರಿಗೂ ಪೇಢೆ ಹಂಚಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ ತಣ್ಣನೆಯ ಕೋಣೆಯಲ್ಲಿ ನನ್ನನ್ನು ಅದರ ಮುಂದೆ ಕೂಡಿಸಿದರು. ಅದರ ಒಳಗಿನ ಉಸಾಬರಿಗೆ ನೂಲುವ ಖಾತೆಯಿಂದ ಇವರನ್ನು ಕರೆತಂದರು.

ಎಪ್ಪತ್ತರ ದಶಕವನ್ನೆಲ್ಲ ಅವರು ಆ ಖಾತೆಯ ಯಂತ್ರಗಳ ನಡುವೆ ವಿದ್ಯುತ್ತಿನ ಮೇಲ್ವಿಚಾರಕರಾಗಿ ಕಳೆದಿದ್ದರು. ಡಿಪ್ಲೊಮಾ ಮಾಡಿದವರು. ಕಂಪ್ಯೂಟರನ್ನು ಮುಂಬೈಯಿಂದ ಪುಸ್ತಕ ತರಿಸಿಕೊಂಡು ತಾವೇ ಕಲಿತಿದ್ದರು. ಲಕ್ಷ್ಮೇಶ್ವರದಲ್ಲಿ ಅವರದು ಗುಡಿಯ ಪೂಜೆಯ ಮನೆತನ. ಪೂಜೆ ಅಣ್ಣನ ಪಾಲಿಗೆ ಹೋಗಿತ್ತು. ಮದುವೆಯಾದ ಸ್ವಲ್ಪ ದಿನಕ್ಕೇ ಹೆಂಡತಿ ತೀರಿಕೊಂಡಿದ್ದರು. ಮತ್ತೆ ಮದುವೆ ಅಂದವರ ಮುಂದೆ ನಕ್ಕು ಸುಮ್ಮನಾಗುತ್ತಿದ್ದರಂತೆ. ಬೆಟಗೇರಿಯಲ್ಲಿ ಒಬ್ಬ ಅಜ್ಜಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ತಮ್ಮವರು ಅಂತ ಅವರು ಬಾಯಿಬಿಟ್ಟು ಹೇಳುತ್ತಿದ್ದುದು ಶಿರಹಟ್ಟಿಗೆ ಕೊಟ್ಟ ತಂಗಿಯೊಬ್ಬಳನ್ನು ಮಾತ್ರ.

ಅವರ ಮೇಜಿನ ಮೇಲೆ ಯಾವಾಗಲೂ ಒಂದು ಹುಣಸೆ ಬೀಜ ಇರುತ್ತಿತ್ತು. ಬರೆಯುತ್ತ ಕೂತಾಗ ನಾನು ಹೋಗಿ ಎದುರು ನಿಂತರೆ ತಕ್ಷಣ ತಲೆ ಎತ್ತುತ್ತಿರಲಿಲ್ಲ. ಬರೆಯುತ್ತಿದ್ದ ಸಾಲಿನ ಮೇಲೆ ಆ ಬೀಜ ಇಟ್ಟು, ಆಮೇಲೆ ಮುಖ ನೋಡಿ, “ಹೇಳ್ರಿ ಬಾಯಾರ” ಅನ್ನುವರು. ನನ್ನ ಕೆಲಸ ಮುಗಿದ ಮೇಲೆ ಬೀಜ ಎತ್ತಿ, ಬಿಟ್ಟಲ್ಲಿಂದಲೇ ಮುಂದುವರಿಸುವರು. ಮೊದಮೊದಲು ನನಗೆ ನಗು ಬರುತ್ತಿತ್ತು. ಸರ ಬೀಜ ಆಡತಾರ ಅಂತ ಕ್ಯಾಂಟೀನಿನಲ್ಲಿ ಅಣಕಿಸಿ ತೋರಿಸಿದ್ದೂ ಉಂಟು. ಈಗ ನನ್ನ ಅಡಿಗೆಮನೆಯಲ್ಲೂ ಒಂದು ಬೀಜ ಇದೆ.

ಆ ಕಂಪ್ಯೂಟರ್ ಕೀಬೋರ್ಡ್, ಪರದೆ, ಪ್ರಿಂಟರ್ ಬಿಟ್ಟು ನಾಲ್ಕನೆಯವರ ಪರಿಚಯ ಇಲ್ಲದ ಪ್ರಾಣಿ. ಗಿರಣಿಯ ಸಾಹೇಬರಿಗೆ ಬೇಕಾಗಿದ್ದುದು ಬೇರೆ. ನೂಲುವ ಯಂತ್ರ ಯಾವುದಾದರೂ ನಿಂತರೆ ಆ ಸುದ್ದಿ ತಂತಿಯ ಮೂಲಕ ನೇರ ಕಂಪ್ಯೂಟರಿಗೆ ಬರಬೇಕು, ಯಾವುದು ಯಾವಾಗ ನಿಂತಿತು ಅಂತ ಅದು ಬರೆದಿಡಬೇಕು. ಕಂಪ್ಯೂಟರ್ ಕೊಟ್ಟ ಕಂಪನಿಯ ಎಂಜಿನಿಯರ್ ಬಂದು ನೋಡಿ, ಹಾಗೆ ಮಾಡಬೇಕಾದರೆ ಎಲ್ಲಕ್ಕೂ ಬುಡದಲ್ಲಿರುವ ಪ್ರೋಗ್ರಾಮನ್ನೇ ತಿದ್ದಬೇಕಾಗುತ್ತದೆ, ಅದನ್ನು ಮುಟ್ಟಿದರೆ ಮುಂದಿನದಕ್ಕೆ ನಾವು ಜವಾಬ್ದಾರರಲ್ಲ ಅಂದುಹೋದ. ಆ ಬುಡದ ಪ್ರೋಗ್ರಾಮನ್ನು ಇವರು ತಿರುಳು ಅನ್ನುತ್ತಿದ್ದರು. ಉಳಿದ ಪ್ರೋಗ್ರಾಮುಗಳೆಲ್ಲ ಅದರ ಮೇಲಿನ ಸಿಪ್ಪೆ. ಸಾಹೇಬರ ಅಪ್ಪಣೆ ಪಡೆದು ಅವರು ತಿರುಳಿಗೇ ಕೈ ಹಾಕಿದರು.

ನನಗೆ ಅದನ್ನು ತಿಳಿಸಿ ಹೇಳಿದ್ದು ಅಜ್ಜಿಯ ಹಾಲಿನ ಲೆಕ್ಕದಲ್ಲಿ. ಕಂಪನಿಯವರು ಬರೆದಂತೆ ಆ ತಿರುಳು ಕೀಬೋರ್ಡ್, ಪ್ರಿಂಟರ್ ಅಂತ ಒಬ್ಬೊಬ್ಬರ ಬಾಗಿಲಿಗೂ ಹೋಗಿ, ನಿನ್ನದೇನಾದರೂ ಇದೆಯೇ ಅಂತ ಕೇಳುತ್ತ ತಿರುಗುತ್ತದೆ. ಯಾರದೂ ಏನೂ ಇಲ್ಲದಾಗಲೂ ಕೇಳುತ್ತದೆ. ಇದು ಒಲೆಯ ಮುಂದೆ ನಿಂತು, ಹಾಲು ಉಕ್ಕಿತೇ, ಉಕ್ಕಿತೇ ಅಂತ ನೋಡುತ್ತಲೇ ಇರುವ ಕೆಲಸ. ಬೇರೆ ಯಾವ ಕೆಲಸವೂ ಸಾಗುವುದಿಲ್ಲ. ಅವರು ಮಾಡಹೊರಟದ್ದು ಹಾಲೇ ನಮ್ಮನ್ನು ಕೂಗಿ ಕರೆಯುವ ಏರ್ಪಾಡು. ಯಂತ್ರ ನಿಂತ ಕ್ಷಣ ತಾನಾಗಿ ಕಂಪ್ಯೂಟರಿನ ಹೆಗಲು ತಟ್ಟಬೇಕು. ಕಂಪ್ಯೂಟರ್ ಕೈಯಲ್ಲಿದ್ದ ಕೆಲಸದ ಮೇಲೆ ಗುರುತು ಇಟ್ಟು, ಎದ್ದುಹೋಗಿ, ಕರೆದವರ ಮಾತು ಬರೆದುಕೊಂಡು, ಗುರುತಿಟ್ಟಲ್ಲಿಗೇ ಮರಳಬೇಕು. ಹುಣಸೆ ಬೀಜದ ಗುಟ್ಟು ನನಗೆ ಆಗ ತಿಳಿಯಿತು.

“ಬಾಯಾರ, ಕರದಾಗ ಏಳೂದು ದೊಡ್ಡದಲ್ಲ. ತಿರುಗಿ ಬಂದಾಗ ಒಂದು ಅಕ್ಷರ ಆ ಕಡೆ ಈ ಕಡೆ ಆಗಿರಬಾರದು. ಎದ್ದುಹೋಗಿದ್ದು ಹಿಡಿದ ಕೆಲಸಕ್ಕ ಗೊತ್ತೇ ಆಗಬಾರದು” ಅನ್ನುವರು.

ಆ ತಿರುಳು ಇರುತ್ತಿದ್ದುದು ಕಂಪ್ಯೂಟರಿನೊಳಗೆ ಜಿರಳೆಯಷ್ಟು ಗಾತ್ರದ ಒಂದು ಕರಿಯ ಚಿಪ್ಪಿನಲ್ಲಿ. ಅದರ ಬೆನ್ನಿಗೆ ಒಂದು ಗಾಜಿನ ಕಿಂಡಿ. ಹಳೆಯದನ್ನು ಅಳಿಸಿ ಹೊಸದು ಬರೆಯಬೇಕಾದರೆ ಆ ಕಿಂಡಿಯೊಳಕ್ಕೆ ವಿಶೇಷ ಬೆಳಕು ಬಿಡಬೇಕು. ಬರೆಯುವ ಪೆಟ್ಟಿಗೆಯನ್ನು ಗಿರಣಿಯವರು ಕೊಡಿಸಿದ್ದರು, ಅಳಿಸುವುದನ್ನು ಕೊಡಿಸಿರಲಿಲ್ಲ. ಬಿಸಿಲಿನಲ್ಲೂ ಆ ಬೆಳಕು ಇರುತ್ತದೆ, ನಿಧಾನಕ್ಕೆ ಅಳಿಸುತ್ತದೆ ಅಂತ ಇವರು ಓದಿದ್ದರು. ನಮ್ಮೂರಲ್ಲಿ ಬಿಸಿಲಿಗೇನು ಬರ. ಅಜ್ಜಿ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ ಸೀರೆಯ ಒಂದು ತುದಿಗೆ ಇವರ ಚಿಪ್ಪುಗಳೂ ಒಣಗುತ್ತಿದ್ದವು. ವಾರಗಟ್ಟಲೆ ಬೇಕಾಗುತ್ತಿತ್ತು. ಸಂಜೆ ಅಜ್ಜಿ ಸಂಡಿಗೆ ಬಿಡಿಸಿ ತೆಗೆಯುವಾಗ ಅವನ್ನೂ ಎಣಿಸಿ ಮೊರದಲ್ಲಿ ಹಾಕಿ ಕೊಡುತ್ತಿದ್ದಳು. ಕರಿದರೆ ಹೂವಿನಂತೆ ಅರಳುತ್ತವೇನು ಅಂತ ಒಮ್ಮೆ ನಾನೇ ಕೇಳಿದ್ದೆ. ಅವರು ಬಹಳ ಹೊತ್ತು ನಕ್ಕರು. ಅವರು ನಕ್ಕಿದ್ದನ್ನು ನೋಡಿದವರು ಗಿರಣಿಯಲ್ಲಿ ಹೆಚ್ಚು ಜನ ಇರಲಿಕ್ಕಿಲ್ಲ.

ಅವರಿಗೆ ಕಿವಿ ಕೇಳುವುದಿಲ್ಲ ಅಂತ ನನಗೆ ಗೊತ್ತಾದದ್ದು ಆ ದಿನಗಳಲ್ಲೇ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡು ಗರಗರ ಹರಿಯತೊಡಗಿತು. ನಾನು ಓಡಿಬಂದೆ. ಅವರು ಅದಕ್ಕೆ ಬೆನ್ನು ಮಾಡಿ ತಣ್ಣಗೆ ಬರೆಯುತ್ತಿದ್ದರು. ಪ್ರಿಂಟರ್ ನಿಲ್ಲಿಸಿ, ಅನುಮಾನ ಬಂದು, ನನ್ನ ಊಟದ ಡಬ್ಬಿಯ ಮುಚ್ಚಳವನ್ನು ಅವರ ಹಿಂದೆಯೇ ನೆಲಕ್ಕೆ ಬಿಟ್ಟೆ. ಅವರು ಕದಲಲಿಲ್ಲ. ಸುತ್ತಿ ಬಂದು ಎದುರು ನಿಂತೆ. ಬೀಜ ಇಟ್ಟು ತಲೆ ಎತ್ತಿದವರು ನನ್ನ ಮುಖ ನೋಡಿಯೇ ತಿಳಿದುಕೊಂಡರು.

“ಗೊತ್ತಾತೇನ್ರಿ?”

“ಆತ್ರಿ ಸರ.”

ನೂಲುವ ಖಾತೆಯ ಸಪ್ಪಳ ವರ್ಷಾನುಗಟ್ಟಲೆ ತಿಂದ ಕಿವಿಗಳು ಅವು. ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಎಲ್ಲರೂ ತುಟಿ ನೋಡಿ, ಕೈಸನ್ನೆ ನೋಡಿ ಕೆಲಸ ಮಾಡುತ್ತಾರೆ. ಹಾಗಾಗಿ ಅಲ್ಲಿ ಅವರು ಎಲ್ಲರಂತೆ ಇದ್ದರು. ಸದ್ದಿಲ್ಲದ ಆಫೀಸಿಗೆ ಬಂದ ಮೇಲೆ ಕಷ್ಟವಾಯಿತು. ಎದುರು ನಿಂತು ಆಡಿದ ಮಾತಿಗೆಲ್ಲ ಉತ್ತರ ಸಿಗುತ್ತಿತ್ತು, ಬೆನ್ನ ಹಿಂದಿನಿಂದ ಕರೆದವರಿಗೆ ಅವರು ಗರ್ವಿಷ್ಠರಾದರು. ಹೇಳಿಬಿಡಬಾರದೇ ಅಂತ ಕೇಳಿದೆ. ಕಿವಿ ಹೋದವರನ್ನು ಗಿರಣಿ ಇಟ್ಟುಕೊಳ್ಳುವುದಿಲ್ಲ, ಬೆಂಕಿಯ ಸೈರನ್ ಕೇಳದವನು ಅರಳೆಯ ನಡುವೆ ಇರಬಾರದು ಅಂತ ಕಾನೂನೇ ಇದೆ ಅಂದರು. ಯಾರಿಗೂ ಹೇಳುವುದಿಲ್ಲ ಅಂತ ನಾನು ಮಾತು ಕೊಟ್ಟೆ. ಬಾಯಿಬಡುಕಿ ಅಂತ ಹೆಸರಾದ ನಾನು ಆ ಒಂದು ಮಾತನ್ನು ಅವರು ನಿವೃತ್ತರಾಗುವವರೆಗೆ ನುಂಗಿಕೊಂಡಿದ್ದೆ.

ಹೊಸ ತಿರುಳಿನ ಪರೀಕ್ಷೆ ಆಷಾಢದ ಕೊನೆಗೆ ನಡೆಯಿತು. ಸಾಹೇಬರು ಬಂದರು, ಕಂಪನಿಯ ಎಂಜಿನಿಯರನೂ ಬಂದಿದ್ದ. ಖಾತೆಯಲ್ಲಿ ಒಂದು ಯಂತ್ರ ನಿಲ್ಲಿಸಿದರು. ನಾನು ಬೇರೇನೋ ಟೈಪು ಮಾಡುತ್ತಿದ್ದೆ. ಪರದೆಯ ಮೂಲೆಯಲ್ಲಿ ಆ ಯಂತ್ರದ ಅಂಕಿ ಮೂಡಿತು, ನನ್ನ ಟೈಪು ಒಂದು ಅಕ್ಷರವೂ ಕದಡದೆ ಮುಂದುವರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯ ಯಂತ್ರ ನಿಲ್ಲಿಸಿದರು. ಏನೂ ಬರಲಿಲ್ಲ. ಬೇರೆ ಬೇರೆ ಯಂತ್ರ ನಿಲ್ಲಿಸಿ ನೋಡಿದರು, ಪರದೆ ಮಿಸುಕಲಿಲ್ಲ. ಮೊದಲೇ ಹೇಳಿದ್ದೆನಲ್ಲ ಅನ್ನುವಂತೆ ಎಂಜಿನಿಯರ್ ಭುಜ ಕುಣಿಸಿದ. ಶ್ರಾವಣ ಮುಗಿಯುವುದರೊಳಗೆ ಸರಿಯಾಗದಿದ್ದರೆ ಹಳೆಯದನ್ನೇ ಹಾಕಿಸುತ್ತೇನೆ ಅಂತ ಸಾಹೇಬರು ಹೇಳಿಹೋದರು.

ತಪ್ಪು ಎಲ್ಲಿದೆ ಅಂತ ಅವರೇ ಹುಡುಕಿದರು. ಒಬ್ಬರು ಕರೆದಾಗ ಕಂಪ್ಯೂಟರ್ ಮೊದಲು ಮಾಡುವ ಕೆಲಸ ತನ್ನ ಕಿವಿ ತಾನೇ ಮುಚ್ಚಿಕೊಳ್ಳುವುದು. ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕದಿರಲಿ ಅಂತ. ಅದು ತಾನಾಗಿ ಆಗುತ್ತದೆ. ಮತ್ತೆ ಕಿವಿ ತೆರೆಯುವುದು ಮಾತ್ರ ತಾನಾಗಿ ಆಗುವುದಿಲ್ಲ. ತೆರೆ ಅಂತ ಬರೆದವನು ಹೇಳಬೇಕು. ಆ ಒಂದು ಪದ ಬರೆಯುವುದನ್ನು ಅವರು ಮರೆತಿದ್ದರು. ಹಾಳೆಯ ಮೇಲೆ ಬೆರಳಿಟ್ಟು ಆ ಜಾಗ ತೋರಿಸಿದರು.

“ನೋಡ್ರಿ, ಒಮ್ಮೆ ಕರದ್ರ ಓ ಅಂತೈತಿ. ಆಮ್ಯಾಲ ಜನ್ಮಪೂರ್ತಿ ಕಿವುಡು” ಅಂದರು. ಆ ಬೆರಳು ಎತ್ತದೆಯೇ, “ನಾ ಆ ಒಂದು ಸಲಾನೂ ಓ ಅನಲಿಲ್ಲ” ಅಂದರು.

ತಂಗಿಯ ವಿಷಯ ಅವರು ನನಗೆ ಹೇಳಿದ್ದು ಆಗ. ಹಿಂದಿನ ವರ್ಷ ತಂಗಿಯ ಮಗಳ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಸೋದರಮಾವ ಮುಂದೆ ನಿಲ್ಲದೆ ಹುಡುಗಿ ಹಂದರಕ್ಕೆ ಬರುವುದಿಲ್ಲ. ಅವನನ್ನು ಕಾಗದ ಬರೆದು ಕರೆಯುವಂತಿಲ್ಲ, ಮನೆಗೇ ಹೋಗಿ ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯಬೇಕು. ತಂಗಿ ಕುಂಕುಮದ ಭರಣಿ ಹಿಡಿದು ಬೆಟಗೇರಿಗೆ ಬಂದಿದ್ದಳು. ಬೀದಿಯ ಬಾಗಿಲು ಬಡಿದಳು. ಕಿಟಕಿಯಲ್ಲಿ ಅಣ್ಣ ಕಾಣುತ್ತಿದ್ದ, ಗೋಡೆಗೆ ಮುಖ ಮಾಡಿ ಬರೆಯುತ್ತ ಕೂತಿದ್ದ. ದನಿ ಸೋಲುವವರೆಗೆ ಕರೆದಳು. ಅವನು ತಿರುಗಲಿಲ್ಲ. ಅವಳು ಹಾಗೇ ಹೋದಳು. ಮದುವೆಯಲ್ಲಿ ಬೇರೆ ಯಾರೋ ಮಾವನಾಗಿ ನಿಂತರು. ಇವರು ಮಾತ್ರ ತಂಗಿ ಕರೆಯಲೇ ಇಲ್ಲವೆಂದು ನೊಂದುಕೊಂಡು ಕೂತಿದ್ದರು. ಎಲ್ಲ ಮುಗಿದ ಮೇಲೆ ಮನೆಯ ಅಜ್ಜಿ, ಅವತ್ತು ತಂಗಿಯ ಮೇಲೆ ಅಷ್ಟೇಕೆ ಸಿಟ್ಟಾಗಿದ್ದೆ ಅಂತ ಕೇಳಿದಾಗಲೇ ಅವರಿಗೆ ವಿಷಯ ತಿಳಿದದ್ದು.

ಹೋಗಿ ಖರೆ ಸಂಗತಿ ಹೇಳಬಹುದಿತ್ತಲ್ಲ ಅಂದೆ.

“ನಂಬತಾಳೇನ್ರಿ? ಮದುವಿ ಮುಗದ ಮ್ಯಾಲ ಹುಟ್ಟಿದ ಕಿವುಡು ಅಂತಾಳ.”

ಆದರೂ ಹೋಗಿದ್ದರಂತೆ. ಆ ವರ್ಷದ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಸಿಕೊಂಡು ಶಿರಹಟ್ಟಿಗೆ ಹೋದರು. ಅವಳು ಹೊರಗೆ ಬರಲಿಲ್ಲ. ಪಡಸಾಲೆಯಲ್ಲಿ ಬಹಳ ಹೊತ್ತು ನಿಂತು, ಉಂಡಿಯ ಚೀಲ ಕಂಬಕ್ಕೆ ಒರಗಿಸಿ ಬಸ್ಸು ಹತ್ತಿದರು.

ಆ ಶ್ರಾವಣ ಪೂರ್ತಿ ಮೋಡ. ಚಿಪ್ಪು ಮಾಳಿಗೆಯ ಮೇಲೆ ಇದ್ದರೂ ಅಳಿಯಲೊಲ್ಲದು. ಅವರು ದಿನಾ ಊಟದ ಹೊತ್ತಿಗೆ ಮನೆಗೆ ಹೋಗಿ ಆಕಾಶ ನೋಡಿ ಬರುತ್ತಿದ್ದರು. ಕಡೆಗೆ ಬಿಸಿಲು ಬಿತ್ತು, ಚಿಪ್ಪು ಅಳಿಯಿತು, ಆ ಒಂದು ಪದ ಸೇರಿತು. ಸಾಹೇಬರು ಯಂತ್ರಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರು, ಕಂಪ್ಯೂಟರ್ ಎಲ್ಲರಿಗೂ ಓ ಅಂದಿತು. ಚಪ್ಪಾಳೆಯ ನಡುವೆ ಅವರು ಪರದೆಯನ್ನೇ ನೋಡುತ್ತ ನಿಂತಿದ್ದರು. ಆ ಚಪ್ಪಾಳೆ ಅವರಿಗೆ ಕೇಳಿರಲಿಕ್ಕಿಲ್ಲ.

ಆಮೇಲೆ ಅವರು ತಮ್ಮ ಮನೆಯ ಬಾಗಿಲಿಗೂ ಅದೇ ಏರ್ಪಾಡು ಮಾಡಿದರು. ಬೀದಿಯ ಬಾಗಿಲಿನ ಹೊರಗೆ ಒಂದು ದಾರ, ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದ ತಗಡು: ದಾರ ಎಳೆಯಿರಿ. ಎಳೆದರೆ ಒಳಗೆ ಗೋಡೆಯ ಮೇಲೆ ಗುಲಗಂಜಿಯಷ್ಟು ಕೆಂಪು ದೀಪಗಳ ಸಾಲು ಹೊತ್ತುತ್ತಿತ್ತು. ಕರೆಂಟು ಹೋಗುವ ಊರು ನಮ್ಮದು, ಅದಕ್ಕೆ ಲಾರಿಯ ಹಳೆಯ ಬ್ಯಾಟರಿ ಜೋಡಿಸಿದ್ದರು. ನನ್ನನ್ನು ಕರೆದುಕೊಂಡು ಹೋಗಿ ಎಳೆಸಿ ನೋಡಿದರು. ದಾರ ಬಿಟ್ಟರೂ ದೀಪ ಆರಲಿಲ್ಲ. ಒಳಗಿರುವವನು ಆ ಹೊತ್ತಿಗೆ ನೋಡುತ್ತಿರದಿದ್ದರೆ ಕರೆ ಕಳೆದುಹೋಗಬಾರದಲ್ಲ ಅಂದರು. ಅವರು ನೋಡಿ, ಪಕ್ಕದ ಗುಂಡಿ ಒತ್ತುವವರೆಗೆ ದೀಪ ಉರಿಯುತ್ತಲೇ ಇರುತ್ತಿತ್ತು. ಕುರ್ಚಿಯನ್ನು ತಿರುಗಿಸಿ ದೀಪಕ್ಕೆ ಮುಖ ಮಾಡಿ ಹಾಕಿಕೊಂಡಿದ್ದರು.

ಆದರೆ ಎಳೆಯುವವರು ಯಾರು? ಹಾಲಿನವಳು, ಅಜ್ಜಿ, ಅವಳ ಮಗ, ಎಲ್ಲರೂ ಹಿತ್ತಲಿನ ಬಾಗಿಲಿನಿಂದಲೇ ಬರುವವರು. ಅವರೂ ಅಲ್ಲಿಂದಲೇ ಓಡಾಡುತ್ತಿದ್ದರು. ಬೀದಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಯೇ ಇರುತ್ತಿತ್ತು. ಆ ದಾರವನ್ನು ಅವರು ಕಟ್ಟಿದ್ದು ಒಬ್ಬಳಿಗಾಗಿ. ಅದನ್ನು ಕೇಳಬೇಕಾಗಿರಲಿಲ್ಲ.

ಬೀಳ್ಕೊಡುಗೆ ಮುಗಿದ ಸಂಜೆ, ಇನ್ನು ಹೇಳಿದರೂ ನಡೆಯುತ್ತದೆ ಅಂತ ಅವರೇ ಅಂದರು. ನಾನು ಮುಂದಿನ ಭಾನುವಾರವೇ ಶಿರಹಟ್ಟಿಯ ಬಸ್ಸು ಹತ್ತಿದೆ. ತಂಗಿ ಅವರದೇ ಮುಖದವರು, ಅದೇ ಹುಬ್ಬು. ಕಿವಿಯ ವಿಷಯ, ದಾರದ ವಿಷಯ, ಆರದ ದೀಪದ ವಿಷಯ ಎಲ್ಲ ಹೇಳಿದೆ. ಅವರು ಸೆರಗಿನ ತುದಿ ತಿರುವುತ್ತ ಕೇಳಿದರು.

“ಪಂಚಮಿಗೆ ಬಂದಿದ್ನಲ್ಲ, ಆವತ್ತ ನಾ ಅಡಿಗಿ ಮನ್ಯಾಗಿಂದ ಒಳಗ ಬಾ ಅಂದಿದ್ದೆರಿ. ಎರಡು ಸಲ ಅಂದೆ. ಅವ ಚೀಲ ಇಟ್ಟು ಹೊಂಟೇ ಹ್ವಾದ” ಅಂದರು. ನನಗೆ ಚಹಾ ಕೊಟ್ಟು, ಕುಂಕುಮ ಹಚ್ಚಿ ಕಳಿಸಿದರು. ಬರುತ್ತೇನೆ ಅಂತಲೂ ಹೇಳಲಿಲ್ಲ, ಬರುವುದಿಲ್ಲ ಅಂತಲೂ ಹೇಳಲಿಲ್ಲ.

ಇದನ್ನೆಲ್ಲ ಅವರಿಗೆ ತಿಳಿಸಿದಾಗ ಬರತಾಳ ಅಂದರು, ಅಷ್ಟೇ. ಆಮೇಲೆ ನಾನು ಹೋದಾಗಲೆಲ್ಲ ಅವರು ಆ ಕುರ್ಚಿಯಲ್ಲಿ ಇರುತ್ತಿದ್ದರು. ಪೇಪರು ಓದುವಾಗ ಸಾಲು ಮುಗಿಯುವುದರೊಳಗೆ ಕಣ್ಣು ಗೋಡೆಗೆ ಹೋಗುತ್ತಿತ್ತು. ನಾನು ಬೇಕಂತಲೇ ಬೀದಿಯಿಂದ ಹೋಗಿ ದಾರ ಎಳೆಯುತ್ತಿದ್ದೆ. ಬಾಗಿಲು ತೆಗೆದು ನನ್ನನ್ನು ಕಂಡಾಗ ಅವರ ಮುಖ ಒಂದು ಚಣ ಇಳಿದು, ಆಮೇಲೆ ನಗುತ್ತಿತ್ತು. ಅದನ್ನು ನೋಡಲಾರದೆ ನಾನೂ ಹಿತ್ತಲಿನಿಂದ ಹೋಗತೊಡಗಿದೆ.

ಮರುವರ್ಷದ ಶ್ರಾವಣದಲ್ಲಿ ನಾನು ಗಂಡನ ಮನೆಯವರ ಕೆಲಸಕ್ಕೆ ಮುಂಡರಗಿಗೆ ಹೋಗಿದ್ದೆ. ತಿರುಗಿ ಬರುವುದರೊಳಗೆ ಅವರು ಇರಲಿಲ್ಲ. ಎದೆನೋವು ಅಂತ ಅಜ್ಜಿಯ ಮಗ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ್ದ. ಅಲ್ಲಿಂದ ಅವರು ಎದ್ದು ಬರಲಿಲ್ಲ. ಲಕ್ಷ್ಮೇಶ್ವರದ ಅಣ್ಣನ ಮಕ್ಕಳು ಹುಬ್ಬಳ್ಳಿಯಿಂದಲೇ ಊರಿಗೆ ಒಯ್ದು ಮುಂದಿನ ಕಾರ್ಯ ಮುಗಿಸಿದ್ದರು. ಕೋಣೆ ಖಾಲಿ ಮಾಡಬೇಕು, ಆ ವಾಯರು ಮುಟ್ಟಲು ಹೆದರಿಕೆ, ನೀ ಬಾ ಯವ್ವಾ ಅಂತ ಅಜ್ಜಿ ಹೇಳಿಕಳಿಸಿದಳು. ನಾನು ಹೋದಾಗ ತಂಗಿಯೂ ಬಂದು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು.

“ನಿಮ್ಮ ಮಾತು ಕೇಳಿ ಬಂದಿದ್ದೆರಿ ನಾ” ಅಂದರು. “ಪಂಚಮಿ ಹಿಂದಿನ ದಿನ. ಕರೀದ ತವರಿಗೆ ಬಂದೆ. ದಾರ ಎಳದೆ. ಬಾಗಲಾ ಒಳಗಿಂದ ಹಾಕಿತ್ತು, ಕಿಟಕಿ ಮುಚ್ಚಿತ್ತು. ಬಸ್ಸಿನ ಹೊತ್ತು ಆಗೂತನಾ ನಿಂತಿದ್ದೆ. ದೀಪ ನೋಡಿದ್ರೂ ಬರಲಿಲ್ಲ ಅವ.”

ನಾನು ಅಜ್ಜಿಯ ಕಡೆ ನೋಡಿದೆ. ಅದಕ್ಕೂ ಮೊದಲೇ ಅವನನ್ನು ಆಸ್ಪತ್ರೆಗೆ ಒಯ್ದಾಗಿತ್ತು, ತಾನೂ ಆಗ ಮಗಳ ಮನೆಗೆ ಹೋಗಿದ್ದೆ ಅಂತ ಅಜ್ಜಿ ಮೆಲ್ಲಗೆ ಅಂದಳು. ತಂಗಿ ಆ ಮಾತನ್ನು ನಂಬಿದರೋ, ಸಮಾಧಾನಕ್ಕೆ ಹೇಳಿದ್ದು ಅಂದುಕೊಂಡರೋ ತಿಳಿಯಲಿಲ್ಲ. ನಾನು ಅವರ ಕೋಣೆಯ ಹಿತ್ತಲ ಕಡೆಯ ಬಾಗಿಲಿನ ಕೀಲಿ ತೆಗೆದೆ.

ಒಳಗೆ ಕತ್ತಲೆ. ಎದುರಿನ ಗೋಡೆಯ ಮೇಲೆ ಕೆಂಪು ದೀಪಗಳ ಸಾಲು ಉರಿಯುತ್ತಿತ್ತು. ಬ್ಯಾಟರಿ ಸೋತು ಬೆಳಕು ಮಂದವಾಗಿತ್ತು, ಆದರೂ ಖಾಲಿ ಕುರ್ಚಿಯ ಕೈಗಳ ಮೇಲೆ ಬಿದ್ದಿತ್ತು. ತಂಗಿ ಹೊಸ್ತಿಲಲ್ಲೇ ನಿಂತರು.

“ಇದು ನಾ ಎಳದದ್ದೇನ್ರಿ?”

“ಹೌದ್ರಿ.”

“ಅಂದ್ರ, ಅವ ನೋಡಿಲ್ಲ?”

“ನೋಡಿದ್ರ ಗುಂಡಿ ಒತ್ತತಿದ್ರರಿ. ಒತ್ತೂತನಾ ಆರಂಗಿಲ್ಲ ಅದು.”

ಅವರು ಒಳಗೆ ಬಂದರು. ಕುರ್ಚಿಯ ಬೆನ್ನು ಹಿಡಿದು ಬಹಳ ಹೊತ್ತು ಆ ದೀಪಗಳನ್ನು ನೋಡುತ್ತ ನಿಂತರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ವಾಯರು ಬಿಚ್ಚಲು ಬಂದವಳು ನಾನು, ಏನಾದರೂ ಮಾಡಬೇಕಲ್ಲ ಅಂತ ಗುಂಡಿಯ ಕಡೆ ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

“ಬ್ಯಾಡ್ರಿ. ಅದು ಅವ ಒತ್ತೂದು.”

ನಾವು ಏನನ್ನೂ ಮುಟ್ಟದೆ ಹೊರಗೆ ಬಂದು ಹಿತ್ತಲ ಬಾಗಿಲು ಮುಂದೆ ಮಾಡಿದೆವು.